ಪೆನ್ಸಿಲ್ ಗುರುತು

ರಾಬರ್ಟ್‌ಸನ್ ಪೇಟೆಯ ಹಳೇ ಪೇಪರ್ ಅಂಗಡೀಲಿ ಇವತ್ತು ಡ್ಯಾನ್ ಬ್ರೌನ್ ಕಾದಂಬರಿ ‘ದ ಡಾ ವಿಂಚಿ ಕೋಡ್’ ಸಿಕ್ತು. ಬೆನ್ನು ಬಿಟ್ಟುಹೋಗಿದೆ, ಹಾಳೆಗಳು ಟೀ ಬಣ್ಣಕ್ಕೆ ತಿರುಗಿವೆ.

ಕಥೆ ಶುರುವಾಗೋಕೆ ಮುಂಚೆ ‘ಇದು ಸತ್ಯ’ ಅನ್ನೋ ಒಂದು ಪುಟ ಇದೆ. 1099ರಲ್ಲಿ ಹುಟ್ಟಿದ ‘ಪ್ರಯರಿ ಆಫ್ ಸಯಾನ್’ ಅನ್ನೋ ಗುಪ್ತ ಸಂಘ ನಿಜಕ್ಕೂ ಇದೆ ಅಂತ ಅಲ್ಲಿ ಬರೆದಿದೆ. ಆ ಸಾಲಿನ ಪಕ್ಕ ಯಾರೋ ಪೆನ್ಸಿಲ್‌ನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಒತ್ತಿ ಒತ್ತಿ ಬರೆದು ಹಾಳೆಯ ಹಿಂದೆ ಉಬ್ಬು ಬಂದಿದೆ. ಬೆರಳಾಡಿಸಿದರೆ ಗೊತ್ತಾಗುತ್ತೆ.

ಅವರ ಅನುಮಾನ ಸರಿ. ಆ ಹೆಸರಿನ ಸಂಘವನ್ನ ಫ್ರಾನ್ಸಲ್ಲಿ ನೋಂದಾಯಿಸಿದ್ದು 1956ರಲ್ಲಿ. ಹಳೇ ದಾಖಲೆ ಅಂತ ತೋರಿಸಿದ್ದೆಲ್ಲ ಆಮೇಲೆ ಸೃಷ್ಟಿಸಿದ್ದು.

ಎದುರುಮನೆ ಆಂಟಿಗೆ ತೋರಿಸಿದೆ. ಚರ್ಚಿನ ಭಾನುವಾರದ ಪೂಜೆ ಒಂದಿನಾನೂ ತಪ್ಪಿಸದವರು. ಪುಟದ ಮೇಲೆ ಕೈಯಿಟ್ಕೊಂಡು ಸುಮಾರು ಹೊತ್ತು ಕೂತಿದ್ರು.

“ಯೇಸುಗೆ ಮದುವೆ ಆಗಿತ್ತು ಅಂತ ಕಥೆ ಕಟ್ಟಲಿ ಕಣಪ್ಪ, ಬೇಜಾರಾಗುತ್ತೆ, ತಡ್ಕೋತೀನಿ. ಕಥೇನ ಕಥೆ ಅಂತ ಹೇಳ್ಬೇಕಲ್ವಾ?”

2006ರಲ್ಲಿ ಇದರ ಸಿನಿಮಾ ಬಂದಾಗ ನಮ್ಮ ಕೋಲಾರ ಜಿಲ್ಲೆಯ ಆಚೆ ಗಡಿ ಆಂಧ್ರ, ಈಚೆ ಗಡಿ ತಮಿಳುನಾಡು, ಎರಡೂ ಕಡೆ ನಿಷೇಧ ಹಾಕಿದ್ರು. ಕೋರ್ಟು ತೆಗೀತು. ನಿಷೇಧ ನನಗೆ ಅವತ್ತೂ ಒಪ್ಪಿಗೆ ಇರಲಿಲ್ಲ, ಇವತ್ತೂ ಇಲ್ಲ. ಆದ್ರೆ ಆಂಟಿ ಮಾತಿಗೆ ನನ್ನತ್ರ ಎದುರುಮಾತು ಇರಲಿಲ್ಲ.

ಹೊರಡುವಾಗ ಪುಸ್ತಕ ಕೇಳಿದ್ರು. “ಪೂರ್ತಿ ಓದಿ ಕೊಡ್ತೀನಿ, ಒಂದು ಪೆನ್ಸಿಲ್ಲೂ ಕೊಡು.”

ಕೊಟ್ಟು ಬಂದೆ.