ಚಿತ್ರ ಬರಲ್ಲ ಎನ್ನುವವರಿಗೆ 37 ಚುಕ್ಕಿ

ಚಿಕ್ಕಮಗಳೂರಿನ ಜುಲೈ ಮಳೆಗೆ ನಮ್ಮ ಕಾಲೇಜಿನ ಚಿತ್ರಕಲೆ ಕೋಣೆಯಲ್ಲಿ ಹಾಳೆ ಒಣಗುತ್ತಲೇ ಇರಲಿಲ್ಲ. ಹಗ್ಗಕ್ಕೆ ನೇತುಹಾಕಿದ ಚಿತ್ರಗಳ ಅಂಚಿಗೆ ಬೂಷ್ಟು ಬರುತ್ತಿತ್ತು. ಆಗ ಅದು ಬರೀ ತಲೆನೋವು. ಚಿತ್ರ, ಚಲನೆ, ಬರವಣಿಗೆಗಳ ಮೂಲಕ ಮನಸ್ಸಿಗೆ ನೆರವಾಗುವ ಅಭಿವ್ಯಕ್ತಿ ಕಲಾ ಚಿಕಿತ್ಸೆಯಲ್ಲಿ ಹಾಳೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ.

"ನಂಗೆ ಚಿತ್ರ ಬರಲ್ಲ" ಎನ್ನುವವರ ಮುಂದೆ 75 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಹಾಳೆಯ ತೂಕ) ಜೆರಾಕ್ಸ್ ಹಾಳೆ, ಜಲವರ್ಣ ಇಟ್ಟರೆ ಹಾಳೆ ಸುಕ್ಕಾಗಿ ಎರಡನೇ ಎಳೆತಕ್ಕೆ ಹರಿಯುತ್ತದೆ. ತಪ್ಪು ಹಾಳೆಯದು, ಸೋತೆ ಎನಿಸುವುದು ಅವರಿಗೆ. ಕನಿಷ್ಠ 200 ಜಿಎಸ್‌ಎಂ ಬೇಕು. ಸಿಗದಿದ್ದರೆ ಆ ದಿನ ನೀರೇ ಬೇಡ, ಕ್ರೆಯಾನ್ ಸಾಕು. ಕ್ರೆಯಾನ್ ಕೈಯ ಮಾತು ಕೇಳುತ್ತದೆ. ನೀರುಬಣ್ಣ, ಹಸಿ ಜೇಡಿಮಣ್ಣು ಅಷ್ಟು ಸುಲಭಕ್ಕೆ ಕೇಳುವುದಿಲ್ಲ. ಒಳಗೆ ಆಗಲೇ ಉಕ್ಕುತ್ತಿರುವವರಿಗೆ ಅವನ್ನು ಮೊದಲ ದಿನವೇ ಕೊಡಬಾರದು.

ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಒಳ್ಳೆಯ ಆರಂಭ ರಂಗೋಲಿ. ಏಳರಿಂದ ನಾಲ್ಕರ ಸಂದು ಚುಕ್ಕಿ: ನಡುವೆ 7, ಎರಡೂ ಕಡೆ 6, 5, 4, ಒಟ್ಟು 37. ಚುಕ್ಕಿ ಇಟ್ಟಾಗಲೇ ಅರ್ಧ ಧೈರ್ಯ ಬಂದಿರುತ್ತದೆ, ಖಾಲಿ ಹಾಳೆಯ ಹೆದರಿಕೆ ಇರುವುದಿಲ್ಲ. ಗೆರೆ ಅವರಿಷ್ಟದ್ದು. ಕಾವಿ ನೆಲದ ಮೇಲೆ ಗೆರೆ ಎದ್ದು ಕಾಣುತ್ತದೆ; ಫ್ಯಾನ್ ಮಾತ್ರ ಆರಿಸಿ, ಪುಡಿ ಹಾರಿದರೆ ಗಮನವೂ ಹಾರುತ್ತದೆ. ಆಮೇಲೆ ಅದೇ ಗೆರೆಯ ತಿರುವುಗಳನ್ನು ನಿಧಾನವಾಗಿ ನಡೆದು ನೋಡುವುದು, ಕೊನೆಗೆ ಮೂರೇ ಪದ ಬರೆಯುವುದು. ಗೆರೆಯಿಂದ ನಡಿಗೆಗೆ, ನಡಿಗೆಯಿಂದ ಮಾತಿಗೆ ಹೀಗೆ ದಾಟುವುದೇ ಈ ಪದ್ಧತಿಯ ಜೀವಾಳ. ಅಮೆರಿಕದ ಲೆಸ್ಲಿ ಕಾಲೇಜಿನಲ್ಲಿ 1974ರಲ್ಲಿ ಕಲಾ ಚಿಕಿತ್ಸಕ ಶಾನ್ ಮೆಕ್‌ನಿಫ್ ಶುರುಮಾಡಿದ ಕೋರ್ಸು ಎಲ್ಲ ಕಲೆಗಳನ್ನೂ ಒಟ್ಟಿಗೆ ತಂದದ್ದು ಇದಕ್ಕೇ.

90 ನಿಮಿಷದ ಒಂದು ಭೇಟಿಯಲ್ಲಿ ಮೈ ಸಡಿಲಿಸಲು 15, ಮಾಡಲು 45, ಉಳಿದದ್ದು ಮಾತಿಗೆ. ಹೊಸ ಚಿಕಿತ್ಸಕರು ಎಡವುವುದು ಈ ಕೊನೆಯ ಅರ್ಧ ಗಂಟೆಯಲ್ಲಿ. ಕಪ್ಪು ಬಣ್ಣ ಕಂಡರೆ ಖಿನ್ನತೆ, ಕೆಂಪಾದರೆ ಸಿಟ್ಟು ಎಂದುಬಿಡುತ್ತಾರೆ! ಗಿಣಿಶಾಸ್ತ್ರಕ್ಕೂ ಇದಕ್ಕೂ ವ್ಯತ್ಯಾಸ ಬೇಡವೇ? "ಚೆನ್ನಾಗಿದೆ" ಅನ್ನುವುದೂ ತಪ್ಪೇ. ಮುಂದಿನ ವಾರ ಅವರು ನಿಮ್ಮ ಮೆಚ್ಚುಗೆಗಾಗಿ ಬಿಡಿಸುತ್ತಾರೆ. "ಈ ಗೆರೆ ಇಲ್ಲಿ ನಿಂತಿದೆಯಲ್ಲ" ಎಂದು ಕಂಡದ್ದನ್ನಷ್ಟೇ ಹೇಳಿ ಸುಮ್ಮನಿರಬೇಕು.

ಈ ದಾರಿ ಹಿಡಿಯುವ ತಮ್ಮತಂಗಿಯರೇ, ಎರಡು ದಿನದ ಶಿಬಿರದ ಸರ್ಟಿಫಿಕೇಟ್ ಯಾರನ್ನೂ ಚಿಕಿತ್ಸಕರನ್ನಾಗಿ ಮಾಡುವುದಿಲ್ಲ. ಮನಶ್ಶಾಸ್ತ್ರದ ಓದು ಬೇಕು, ಅನುಭವಿಗಳ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ಕೆಲಸ ಬೇಕು. ಸಾಯುವ ಮಾತು ಬಂದರೆ ಬಣ್ಣ ಬದಿಗಿಟ್ಟು, ಒಬ್ಬರೇ ಬಿಡದೆ, ಅಂದೇ ಮನೋವೈದ್ಯರ ಬಳಿ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇದೆ.

ಇನ್ನು ಆ ಹಗ್ಗದ ವಿಷಯ. ಚಿತ್ರ ಬಿಡಿಸಿದವರದು, ಕೇಳದೆ ನೇತುಹಾಕುವಂತಿಲ್ಲ. ಪೂರ್ತಿ ಒಣಗಿದ ಮೇಲೆ ನಡುವೆ ಬಟರ್ ಪೇಪರ್ ಇಟ್ಟು, ಬೀಗದ ಕಪಾಟಿನಲ್ಲಿಡಿ. ರಂಗೋಲಿಯನ್ನು ಗುಡಿಸುವುದೋ ಬಿಡುವುದೋ, ಅದೂ ಹಾಕಿದವರಿಗೇ ಬಿಟ್ಟದ್ದು. ಪೊರಕೆ ಅವರ ಕೈಗೇ ಕೊಡಿ.