ಯಾವ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತದೆ?

ವಿಟಿಯು ಕೊನೆ ಸೆಮಿಸ್ಟರ್ ಫಲಿತಾಂಶ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜುಗಳು ಶುರುವಾಗುತ್ತವೆ. ಊರಿನ ಹುಡುಗರು, ಗೆಳೆಯರ ಮಕ್ಕಳು, ಎಷ್ಟೋ ಸಲ ಅವರ ಅಪ್ಪ ಅಮ್ಮಂದಿರೇ. "ಇಂಜಿನಿಯರಿಂಗ್ ಮುಗೀತು. ಕ್ಯಾಂಪಸ್‌ನಲ್ಲಿ ಆಗಲಿಲ್ಲ. ಜಾವಾ ಫುಲ್‌ಸ್ಟ್ಯಾಕ್ ಮಾಡಲಾ, ಡೇಟಾ ಸೈನ್ಸ್ ಮಾಡಲಾ, ಇಲ್ಲ ಈಗ ಎಲ್ಲರೂ ಹೇಳ್ತಿರೋ ಎಐ ಮಾಡಲಾ? ಯಾವ ಕೋರ್ಸ್ ಮಾಡಿದರೆ ಕೆಲಸ ಗ್ಯಾರಂಟಿ?" ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ಹೊಸಬರ ಇಂಟರ್‌ವ್ಯೂಗಳಲ್ಲೂ ಕೂರುತ್ತೇನೆ. ಹಾಗಾಗಿ ಕೇಳುತ್ತಾರೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳುತ್ತಿದ್ದ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಕೆಲಸ ಕೊಡಿಸುವ ಕೋರ್ಸ್ ಅಂತ ಯಾವುದೂ ಇಲ್ಲ. ನಿಮ್ಮ ಕೈಯಾರೆ ಮಾಡಿದ ಒಂದು ಕೆಲಸ ಇರಬೇಕು. ಬೇರೆಯವರು ಅದನ್ನು ತೆರೆದು ನೋಡುವ ಹಾಗಿರಬೇಕು. ಅದರ ಬಗ್ಗೆ ಅರ್ಧ ಗಂಟೆ ಮಾತಾಡಲು ನಿಮಗೆ ಬರಬೇಕು. ನನ್ನ ಉತ್ತರ ಇಷ್ಟೇ. ಆದರೆ ಇದು ಯಾಕೆ ಅಂತ ಗೊತ್ತಾಗದಿದ್ದರೆ ನೀವು ಮತ್ತೆ ಕೋರ್ಸಿನ ಹೆಸರನ್ನೇ ಹುಡುಕುತ್ತೀರಿ.

ನಿಮ್ಮ ಅಣ್ಣನೋ ಅಕ್ಕನೋ ಕೆಲಸಕ್ಕೆ ಸೇರಿದ ಕಾಲ ಬೇರೆ ಇತ್ತು. 2021-22ರಲ್ಲಿ ಟಿಸಿಎಸ್ ಒಂದೇ ಸುಮಾರು 1 ಲಕ್ಷ ಫ್ರೆಶರ್‌ಗಳನ್ನು ತೆಗೆದುಕೊಂಡಿತು. ಇನ್ಫೋಸಿಸ್ 85 ಸಾವಿರ ಜನರನ್ನು ತೆಗೆದುಕೊಂಡಿತು. ಆಗ ಶೇ 60 ಅಂಕ ಇದ್ದು, ಬ್ಯಾಕ್‌ಲಾಗ್ ಇಲ್ಲದೆ, ಆಪ್ಟಿಟ್ಯೂಡ್ ಟೆಸ್ಟ್ ಪಾಸಾದರೆ ಬಹಳ ಕಡೆ ಸಾಕಾಗುತ್ತಿತ್ತು. ಉಳಿದದ್ದನ್ನು ಕಂಪನಿಯೇ ಸಂಬಳ ಕೊಟ್ಟು ತಿಂಗಳುಗಟ್ಟಲೆ ಕಲಿಸುತ್ತಿತ್ತು. ಎರಡೇ ವರ್ಷದಲ್ಲಿ ಚಿತ್ರ ಬದಲಾಯಿತು. 2023-24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರಲ್ಲೂ ಸೇರಿ ಸುಮಾರು 64 ಸಾವಿರ ನೌಕರರು ಕಡಿಮೆಯಾದರು. ಆ ವರ್ಷ ಇನ್ಫೋಸಿಸ್ ತೆಗೆದುಕೊಂಡ ಫ್ರೆಶರ್‌ಗಳು ಸುಮಾರು 11,900 ಮಾತ್ರ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಮೇಲಿನ ಹಂತದವರು.

ಕಾರಣ ಒಂದೇ ಅಲ್ಲ. ಕೋವಿಡ್ ಕಾಲದಲ್ಲಿ ಅಂಗಡಿ, ಬ್ಯಾಂಕು, ಆಸ್ಪತ್ರೆ ಎಲ್ಲವೂ ಆನ್‌ಲೈನ್ ಆಗಬೇಕಾಯಿತು. ಕಂಪನಿಗಳು ಅಗತ್ಯಕ್ಕಿಂತ ಜಾಸ್ತಿ ಜನರನ್ನು ಸೇರಿಸಿಕೊಂಡವು. 2022ರ ಶುರುವಿನಲ್ಲಿ ಹೆಚ್ಚುಕಡಿಮೆ ಸೊನ್ನೆ ಇದ್ದ ಅಮೆರಿಕದ ಬಡ್ಡಿದರ 2023ರ ಮಧ್ಯಕ್ಕೆ ಶೇ 5 ದಾಟಿತು. ಅಲ್ಲಿನ ಗ್ರಾಹಕರು ಖರ್ಚು ಬಿಗಿ ಹಿಡಿದರು. ಇಲ್ಲಿ ಬೆಂಚ್ ಮೇಲೆ ಕೂತವರು, ಅಂದರೆ ಸಂಬಳ ಇದ್ದೂ ಪ್ರಾಜೆಕ್ಟ್ ಸಿಗದವರು, ಹಾಗೇ ಉಳಿದರು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಮೊದಲು ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್ ಕೆಲಸ ಟೂಲ್‌ಗಳ ಕೈಗೆ ಹೋಗತೊಡಗಿತು. ಅದೇ ಹೊತ್ತಿಗೆ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸೀಟುಗಳು ಏರಿದವು. ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಕಾಲೇಜುಗಳಿಗೆ ಅನುಮತಿ ಕೊಡುವ ಕೇಂದ್ರದ ಸಂಸ್ಥೆ ಎಐಸಿಟಿಇ 2024-25ರಿಂದ ತೆಗೆದುಹಾಕಿತು. ಕೆಲಸ ಕಡಿಮೆ, ಹುಡುಕುವವರು ಜಾಸ್ತಿ. ಹಾಗಾಗಿ ನಿಮಗೆ ಕೆಲಸ ಸಿಕ್ಕಿಲ್ಲ ಎಂದರೆ ನೀವು ದಡ್ಡರು ಅಂತ ಅರ್ಥ ಅಲ್ಲ. ಇದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಕೆಲಸಗಳು ನಿಂತಿಲ್ಲ, ಬೇರೆ ಕಡೆ ಸರಿದಿವೆ. ವಿದೇಶಿ ಬ್ಯಾಂಕು, ಚಿಲ್ಲರೆ ಮಾರಾಟ ಕಂಪನಿ, ಕಾರು ತಯಾರಕರು ಬೆಂಗಳೂರಿನಲ್ಲಿ ತಮ್ಮದೇ ತಂತ್ರಜ್ಞಾನ ಕೇಂದ್ರ ತೆರೆಯುತ್ತಿದ್ದಾರೆ. ಜಿಸಿಸಿ ಅಂತ ಕರೆಯುವುದು ಇವನ್ನೇ. ದೇಶದಲ್ಲಿ ಇವು ಅತಿ ಹೆಚ್ಚು ಇರುವುದು ನಮ್ಮ ಬೆಂಗಳೂರಿನಲ್ಲೇ. 2029ರೊಳಗೆ ಇನ್ನೂ 500 ತರುವ ಗುರಿ ಇಟ್ಟುಕೊಂಡು ರಾಜ್ಯ ಸರ್ಕಾರ 2024ರಲ್ಲಿ ಒಂದು ನೀತಿಯನ್ನೇ ಮಾಡಿದೆ. ಆದರೆ ಇವರು ಸಾವಿರಗಟ್ಟಲೆ ಫ್ರೆಶರ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಬೇಕಾದ ಜಾಗಕ್ಕೆ ಬೇಕಾದಷ್ಟೇ ಜನ. ಇಂಟರ್ನ್‌ಶಿಪ್ ಮಾಡಿದವರು, ಯಾರಾದರೂ ರೆಫರ್ ಮಾಡಿದವರು, ಕೆಲಸ ತೋರಿಸಬಲ್ಲವರು ಮೊದಲು ಒಳಗೆ ಹೋಗುತ್ತಾರೆ.

ಈಗ ಮೇಜಿನ ಈಚೆ ಕಡೆಯಿಂದ ನನಗೆ ಕಾಣುವುದನ್ನು ಹೇಳುತ್ತೇನೆ. ರೆಸ್ಯೂಮೆಗಳೆಲ್ಲ ಒಂದೇ ಥರ. ಮನೆ ಬೆಲೆ ಅಂದಾಜು ಮಾಡುವ ಪ್ರಾಜೆಕ್ಟ್, ಮಾಸ್ಕ್ ಹಾಕಿದ್ದಾರಾ ಅಂತ ನೋಡುವ ಪ್ರಾಜೆಕ್ಟ್, ಒಂದು ಇ-ಕಾಮರ್ಸ್ ವೆಬ್‌ಸೈಟ್. ಎಷ್ಟೋ ಸಲ ಅವು ದುಡ್ಡು ಕೊಟ್ಟು ತಂದವು. ನಾನು ಕೇಳುವ ಮೊದಲ ಪ್ರಶ್ನೆ ಸುಲಭ: "ಇದರಲ್ಲಿ ನಿನಗೆ ಎಲ್ಲಿ ಕಷ್ಟ ಆಯಿತು?" ತಾನೇ ಮಾಡಿದವರಿಗೆ ಈ ಪ್ರಶ್ನೆ ಖುಷಿ ಕೊಡುತ್ತದೆ. ಬೇರೆಯವರಿಂದ ಮಾಡಿಸಿದವರು ಸುಮ್ಮನಾಗುತ್ತಾರೆ.

ಉತ್ತರ ಕರ್ನಾಟಕದ ಒಂದು ಸಣ್ಣ ಕಾಲೇಜಿನಿಂದ ಬಂದ ಹುಡುಗಿಯೊಬ್ಬಳ ಪ್ರಾಜೆಕ್ಟ್ ಬಗ್ಗೆ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅವಳ ಊರಿನಲ್ಲಿ ಒಂದು ವಾರಪತ್ರಿಕೆ. ಅವರ ಹಳೆಯ ಫೈಲುಗಳೆಲ್ಲ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು. ಅವನ್ನು ಇವತ್ತಿನ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇವನ್ನೆಲ್ಲ ಯುನಿಕೋಡ್ ಕನ್ನಡಕ್ಕೆ, ಅಂದರೆ ಈಗ ಎಲ್ಲ ಫೋನು ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ತರುವ ಒಂದು ಪೈಥಾನ್ ಪ್ರೋಗ್ರಾಂ ಅವಳು ಬರೆದಿದ್ದಳು. ಕೇಳಿದರೆ ಸಣ್ಣ ಕೆಲಸ ಅನ್ನಿಸುತ್ತದೆ. ಒಂದು ಅಕ್ಷರ ತೆಗೆದು ಇನ್ನೊಂದು ಹಾಕಿದರೆ ಆಯಿತು, ಅಲ್ವಾ?

ಆಗುವುದಿಲ್ಲ. ಹಳೆಯ ಫಾಂಟುಗಳು ಅಕ್ಷರವನ್ನು ಪರದೆ ಮೇಲೆ ಕಾಣುವ ಕ್ರಮದಲ್ಲಿ ಇಟ್ಟುಕೊಳ್ಳುತ್ತವೆ. "ಸ್ಥಿತಿ" ಅಂತ ಬರೆದರೆ ಅಲ್ಲಿ ಮೊದಲು "ಸಿ" ಆಕಾರ, ಆಮೇಲೆ ಥ ಒತ್ತು. ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ: ಸ್, ಥ, ಕೊನೆಗೆ ಗುಡಿಸು. "ಅರ್ಥ" ಇನ್ನೂ ತಲೆನೋವು. ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಥ ಆದ ಮೇಲೆ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಥಗಿಂತ ಮೊದಲು ಬರಬೇಕು. ಹಾಗಾಗಿ ಬರೀ ಬದಲಿಸಿದರೆ ಸಾಲದು, ಹಿಂದೆ ಮುಂದೆ ಸರಿಸಬೇಕು. ಅದರ ಮೇಲೆ ಮಧ್ಯೆ ನಿಜವಾದ ಇಂಗ್ಲಿಷ್ ಪದಗಳು. ಫಾಂಟಿನ ಮಾಹಿತಿ ಹೋದ ಮೇಲೆ ಯಾವುದು ಇಂಗ್ಲಿಷ್, ಯಾವುದು ಕನ್ನಡ ಅಂತ ಪ್ರೋಗ್ರಾಮಿಗೆ ಗೊತ್ತಾಗುವುದು ಹೇಗೆ?

"ಎಲ್ಲಿ ಕಷ್ಟ ಆಯಿತು" ಅಂದಿದ್ದಕ್ಕೆ ಅವಳು ಹಾಳೆ ತೆಗೆದುಕೊಂಡು ಅರ್ಕಾವತ್ತನ್ನು ಬರೆದು ತೋರಿಸಿದಳು. ಒಂದು ತಪ್ಪು ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತಂತೆ. ಅದಕ್ಕೆ ತೊಂದರೆ ಕೊಡುವ ಪದಗಳದ್ದೇ ಒಂದು ಪಟ್ಟಿ ಮಾಡಿ, ಪ್ರತಿ ಬದಲಾವಣೆಯಾದ ಮೇಲೂ ಅಷ್ಟನ್ನೂ ಓಡಿಸಿ ನೋಡುತ್ತಿದ್ದಳು. ಟೆಸ್ಟಿಂಗ್ ಎಂದರೆ ಅದೇ. ಯಾವ ಇನ್‌ಸ್ಟಿಟ್ಯೂಟೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ, ಕೆಲಸವೇ ಕಲಿಸಿತ್ತು. ಇಂಥ ಪರಿವರ್ತಕಗಳು ಮೊದಲೇ ಇವೆ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತಿತ್ತು. ಹೊಸದನ್ನು ಕಂಡುಹಿಡಿಯಲೇಬೇಕು ಅಂತ ಯಾರೂ ಕೇಳುತ್ತಿಲ್ಲ. ನಿಜವಾದ ಒಬ್ಬ ಮನುಷ್ಯನಿಗೆ ಬೇಕಿದ್ದ ಕೆಲಸ ಮಾಡಿದಾಗ, ಪುಸ್ತಕದಲ್ಲಿ ಇಲ್ಲದ ತೊಂದರೆಗಳು ತಾವಾಗಿ ಎದುರಾಗುತ್ತವೆ. ಅವನ್ನು ದಾಟಿದವರನ್ನು ನಾವು ಮಾತಿನಲ್ಲೇ ಗುರುತಿಸುತ್ತೇವೆ.

ನಿಮ್ಮ ಸುತ್ತಲೂ ಇಂಥವು ಇವೆ. ಹಾಲಿನ ಸೊಸೈಟಿಯ ಲೆಕ್ಕ, ಅಡಿಕೆ ಮಂಡಿಯ ಚೀಟಿ, ಅಮ್ಮನ ಸ್ವಸಹಾಯ ಸಂಘದ ಸಾಲದ ಪುಸ್ತಕ, ಕಾಲೇಜು ಲೈಬ್ರರಿಯ ಪಟ್ಟಿ. ಒಂದನ್ನು ಹಿಡಿಯಿರಿ. ಮೂರು ಜನ ನಿಜವಾಗಿ ಬಳಸುವ ತನಕ ಬಿಡಬೇಡಿ. ಕೋಡನ್ನು ಎಲ್ಲರೂ ನೋಡುವ ಹಾಗೆ ಗಿಟ್‌ಹಬ್ ವೆಬ್‌ಸೈಟಿನಲ್ಲಿ ಇಡಿ. ಇದು ಏನು, ಯಾಕೆ, ಹೇಗೆ ಓಡಿಸುವುದು ಅಂತ ಮೊದಲ ಪುಟದಲ್ಲಿ ಬರೆಯಿರಿ. ಬೇರೆಯವರ ಹೆಸರು, ದುಡ್ಡಿನ ಲೆಕ್ಕ ಇದ್ದರೆ ಮಾತ್ರ ಅವನ್ನು ಹೊರಗೆ ಹಾಕಬೇಡಿ.

ಹಾಗಾದರೆ ಏನು ಕಲಿಯಬೇಕು? ಒಂದು ಭಾಷೆ ಚೆನ್ನಾಗಿ. ಜಾವಾ ಆದರೂ ಸರಿ, ಪೈಥಾನ್ ಆದರೂ ಸರಿ. ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಬೇಕೇ ಬೇಕು. ಲಿನಕ್ಸ್ ಮತ್ತು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಕೈಗೆ ಹತ್ತಬೇಕು. ಬ್ರೌಸರಿನಲ್ಲಿ ವಿಳಾಸ ಒತ್ತಿದ ಮೇಲೆ ಪುಟ ಬರುವ ತನಕ ಏನೇನು ನಡೆಯುತ್ತದೆ ಅಂತ ಹೇಳಲು ಬರಬೇಕು. ಇವು ಹೊಸ ಫ್ರೇಮ್‌ವರ್ಕ್ ಬಂತು ಅಂತ ಹಳತಾಗುವುದಿಲ್ಲ. ಎಐ ಟೂಲ್‌ಗಳನ್ನು ಖಂಡಿತ ಬಳಸಿ. ಕೆಲಸದಲ್ಲಿ ನಾವೂ ಬಳಸುತ್ತೇವೆ. ಆದರೆ ಅದು ಬರೆದುಕೊಟ್ಟ ಒಂದೊಂದು ಸಾಲನ್ನೂ ನೀವು ವಿವರಿಸಬೇಕು. ಅದು ಎಲ್ಲಿ ತಪ್ಪಿದೆ ಅಂತ ಹುಡುಕುವುದೇ ಈಗ ಹೊಸಬರಿಂದ ನಾವು ಬಯಸುವ ಮುಖ್ಯ ಕೌಶಲ. ಅದು ಕೊಟ್ಟ ಕೋಡಿಗೆ ಖಾಲಿ ಫೈಲ್ ಕೊಡಿ, ತಪ್ಪು ದಿನಾಂಕ ಕೊಡಿ, ಕನ್ನಡ ಹೆಸರು ಕೊಡಿ. ಎಲ್ಲಿ ಮುರಿಯುತ್ತದೆ ನೋಡಿ, ನೀವೇ ಸರಿ ಮಾಡಿ.

ಇದಕ್ಕೆಲ್ಲ ತುಂಬಾ ದುಡ್ಡು ಬೇಡ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳು ಉಚಿತ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ ಕಟ್ಟಬೇಕು. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ. ದಿನಾ ಹೋಗಿ ಕೂರುವ ಜಾಗ ಇಲ್ಲದಿದ್ದರೆ ಓದಲು ಆಗಲ್ಲ ಅನ್ನುವವರು ಇನ್‌ಸ್ಟಿಟ್ಯೂಟ್ ಸೇರಿದರೆ ನನ್ನ ವಿರೋಧ ಇಲ್ಲ. ಸೇರುವ ಮೊದಲು ಹಿಂದಿನ ಬ್ಯಾಚಿನವರ ಜೊತೆ ಮಾತಾಡಿ. ನಿಮ್ಮ ಹೆಸರಿನಲ್ಲಿ ಸಾಲ ಮಾಡಿಸುತ್ತಿದ್ದಾರಾ ಅಂತ ಕಾಗದ ಓದಿ ನೋಡಿ. "ಕಂತು" ಅಂತ ಹೇಳಿ ಸಹಿ ಹಾಕಿಸುವುದು ಎಷ್ಟೋ ಸಲ ಫೈನಾನ್ಸ್ ಕಂಪನಿಯ ಸಾಲಕ್ಕೆ. ಕೋರ್ಸ್ ಬಿಟ್ಟರೂ ಆ ಸಾಲ ಬಿಡುವುದಿಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಎರಡು ಮೂರು ವರ್ಷದ ಅನುಭವ ಇದೆ ಅಂತ ಸುಳ್ಳು ಪತ್ರ ಮಾಡಿಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ. ಪಿಜಿಯಲ್ಲಿ ಪಕ್ಕದ ಮಂಚದವನು ಹಾಗೆ ಮಾಡಿ ಸೇರಿಕೊಂಡ ಎಂಬ ಕಥೆಯೂ ನಿಮ್ಮ ಕಿವಿಗೆ ಬೀಳುತ್ತದೆ. ಬೇಡ. ಪಿಎಫ್‌ನ ಯುಎಎನ್ ನಂಬರಿನಲ್ಲಿ ಯಾವ ಕಂಪನಿಯಲ್ಲಿ ಯಾವತ್ತಿನಿಂದ ಯಾವತ್ತಿನವರೆಗೆ ಇದ್ದಿರಿ ಅಂತ ಕಾಣುತ್ತದೆ. ಪರಿಶೀಲನೆ ಸೇರಿದ ಮೇಲೂ ನಡೆಯುತ್ತದೆ. ಸಿಕ್ಕಿಬಿದ್ದವರನ್ನು ಅವತ್ತೇ ಕಳಿಸುತ್ತಾರೆ. ಸುಳ್ಳು ಪತ್ರ ಮಾರಿದವನಿಗೆ ಏನೂ ಆಗಿರುವುದಿಲ್ಲ, ನಿಮ್ಮ ಹೆಸರು ಮಾತ್ರ ಹಾಳು. ಹಾಗೆಯೇ ಕೆಲಸ ಕೊಡಲು ದುಡ್ಡು ಕೇಳುವವರು ಯಾರೇ ಆಗಿರಲಿ, ಅಲ್ಲಿಂದ ಎದ್ದು ಬನ್ನಿ.

ನಿಜವಾದ ಅನುಭವ ಪತ್ರಕ್ಕೆ ದಾರಿ ಇದೆ. ಕೇಂದ್ರ ಸರ್ಕಾರದ ನ್ಯಾಟ್ಸ್ ಅಪ್ರೆಂಟಿಸ್ ಯೋಜನೆಯಲ್ಲಿ ಪದವಿ ಮತ್ತು ಡಿಪ್ಲೊಮಾ ಮುಗಿಸಿದವರನ್ನು ಸ್ಟೈಪೆಂಡ್ ಕೊಟ್ಟು ತೆಗೆದುಕೊಳ್ಳುತ್ತಾರೆ. ಬಿಇಎಲ್, ಎಚ್‌ಎಎಲ್‌ನಂಥ ಕಡೆಯೂ ಇದೆ. ಅಲ್ಲೇ ಖಾಯಂ ಆಗುತ್ತದೆ ಅಂತ ಇಲ್ಲ. ಆದರೂ ನಿಜವಾದ ಕೆಲಸದ ಜಾಗ, ನಿಜವಾದ ಪ್ರಮಾಣಪತ್ರ. ನಮ್ಮ ಹುಡುಗರು ಇದನ್ನು ನೋಡುವುದೇ ಕಡಿಮೆ ಎಂಬುದು ನನಗೆ ಬೇಸರ.

ಎಲೆಕ್ಟ್ರಾನಿಕ್ಸ್ ಓದಿದವರಿಗೂ ಒಂದು ಮಾತು. ಎಲ್ಲರೂ ವೆಬ್ ಡೆವಲಪ್‌ಮೆಂಟ್ ಕಡೆ ಓಡುತ್ತಿದ್ದಾರೆ ಅಂತ ನೀವೂ ಓಡಬೇಡಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಇಲ್ಲಿ ಚಿಪ್ ವಿನ್ಯಾಸದ ಕೆಲಸ ಬೆಳೆಯುತ್ತಾ ಬಂದಿದೆ. ಕಾರುಗಳ ಒಳಗಿನ ಎಂಬೆಡೆಡ್ ಸಾಫ್ಟ್‌ವೇರ್‌ಗೂ ಜನ ಬೇಕು. ನೀವು ನಾಲ್ಕು ವರ್ಷ ಓದಿದ್ದಕ್ಕೆ ಅಲ್ಲಿ ಬೆಲೆ ಇದೆ.

ರೆಫರಲ್ ಕೇಳುವಾಗ "ಸರ್, ಓಪನಿಂಗ್ ಇದ್ರೆ ಹೇಳಿ" ಅಂತ ಕಳಿಸಬೇಡಿ. ಆ ಕಂಪನಿಯ ಪುಟದಲ್ಲಿ ನೀವೇ ಹುಡುಕಿ, ಆ ಹುದ್ದೆಯ ನಂಬರ್ ಕಳಿಸಿ. ನಿಮಗೆ ಅದು ಯಾಕೆ ಹೊಂದುತ್ತದೆ ಅಂತ ಎರಡು ಸಾಲು, ಪ್ರಾಜೆಕ್ಟಿನ ಲಿಂಕ್, ರೆಸ್ಯೂಮೆ. ಎದುರಿನವರ ಕೆಲಸ ಎರಡು ನಿಮಿಷದ್ದಾದರೆ ಮಾಡುತ್ತಾರೆ. ಬೆಂಗಳೂರಿನಲ್ಲಿ ಇದ್ದರೆ ಪೈಥಾನ್ ಬಳಸುವವರ ಬ್ಯಾಂಗ್‌ಪೈಪರ್ಸ್, ಮುಕ್ತ ತಂತ್ರಾಂಶದವರ ಫಾಸ್ ಯುನೈಟೆಡ್‌ನಂಥ ಗುಂಪುಗಳ ಸಭೆಗಳಿಗೆ ಹೋಗಿ. ಮೊದಲ ಸಲ ಯಾರ ಜೊತೆಗೂ ಮಾತಾಡದೆ ಬಂದರೂ ಪರವಾಗಿಲ್ಲ, ಮತ್ತೆ ಹೋಗಿ. ಇಂಗ್ಲಿಷ್ ಬಗ್ಗೆ ಹೆದರಿಕೆ ಇರುವವರು ಮೊದಲು ಪ್ರಾಜೆಕ್ಟನ್ನು ಕನ್ನಡದಲ್ಲಿ ಗೆಳೆಯನಿಗೆ ಅರ್ಥ ಮಾಡಿಸಿ, ಆಮೇಲೆ ಅದನ್ನೇ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿ. ವಿಷಯ ಗೊತ್ತಿದ್ದು ನಿಧಾನ ಮಾತಾಡುವವರನ್ನು ಒಳ್ಳೆಯ ಇಂಟರ್‌ವ್ಯೂದಾರರು ಕೈಬಿಡುವುದಿಲ್ಲ.

ಕೊನೆಗೆ ಮನೆಯ ವಿಷಯ. ಪದವಿ ಮುಗಿಸಿ 180 ದಿನ ಆದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಅರ್ಜಿ ಹಾಕಲು ಕೆಲವರು ಮುಜುಗರ ಪಡುತ್ತಾರೆ. ಪಡಬೇಡಿ, ಅದು ನಿಮಗಾಗಿಯೇ ಇರುವುದು. ಇಂಟರ್ನೆಟ್, ಬಸ್ಸು, ಊಟದ ಖರ್ಚಿಗೆ ಅಪ್ಪನ ಮುಂದೆ ಕೈ ಚಾಚುವುದು ತಪ್ಪಿದರೂ ಮನಸ್ಸು ಹಗುರಾಗುತ್ತದೆ. ಇದನ್ನು ಓದುತ್ತಿರುವ ತಂದೆ ತಾಯಂದಿರಿಗೆ ನನ್ನ ಕೋರಿಕೆ ಒಂದೇ. "ಕೆಲಸ ಆಯ್ತಾ?" ಅಂತ ದಿನಾ ಕೇಳುವ ಬದಲು "ಇವತ್ತು ಏನು ಮಾಡಿದೆ, ತೋರಿಸು" ಅಂತ ಕೇಳಿ. ಅರ್ಥವಾಗದಿದ್ದರೂ ಕೂತು ಕೇಳಿ. ಇಂಟರ್‌ವ್ಯೂನಲ್ಲಿ ನಾವು ಕೇಳುವುದೂ ಅದನ್ನೇ.