ಹಿಂದಿನ ಮನೆಯ ಬಿಸಿನೀರು

ತೀರ್ಥಹಳ್ಳಿ, 14 ಜುಲೈ 2024, ಭಾನುವಾರ

ಪುನರ್ವಸು ಮಳೆ ಇವತ್ತೂ ಬಿಡುವು ಕೊಡಲಿಲ್ಲ. ಹಿತ್ತಲಿನ ಮನೆಯಲ್ಲಿ ಬಾಡಿಗೆಗಿರುವ ಹೆಣ್ಣುಮಗಳು ಕಳೆದ ಸೋಮವಾರ ಬೆಳಿಗ್ಗೆ ಕೊಡೆ ಹಿಡಿದು ಜಗಲಿಗೆ ಬಂದು, "ಮೇಷ್ಟ್ರೇ, ಬಾಯ್ಲರಿನ ನೀರು ಒಲೆಗೇ ಇಳೀತಾ ಇದೆ, ಸೌದೆ ಹೊತ್ತೋದೇ ಇಲ್ಲ" ಎಂದು ಹೇಳಿದಂದಿನಿಂದ ಈ ವಾರವೆಲ್ಲ ನನ್ನ ಯೋಚನೆ ಬಿಸಿನೀರಿನದ್ದೇ ಆಗಿತ್ತು. ಇಂದು ಒಂದು ತೀರ್ಮಾನಕ್ಕೆ ಬಂದಿದ್ದೇನೆ; ಹೇಗೆ ಬಂದೆನೆಂಬುದನ್ನು ಬರೆದಿಡುತ್ತೇನೆ.

ಆ ತಾಮ್ರದ ಬಾಯ್ಲರನ್ನು ನಾನು ಕೊಂಡದ್ದು 1998ರಲ್ಲಿ. ಹೊರಮೈ ಇನ್ನೂ ಗಟ್ಟಿಯಾಗಿದೆ. ಆದರೆ ಉರಿ ಹಾಯುವ ನಡುಗೊಳವೆ ಇಷ್ಟು ವರ್ಷಗಳ ಬೆಂಕಿಗೆ ಸವೆದು, ಕೆಳಗಿನ ಕೂಡಿಕೆಯ ಬಳಿ ಕಾಗದದಷ್ಟು ತೆಳ್ಳಗಾಗಿದೆ. ಈಗಾಗಲೇ ಎರಡು ಸಲ ಬೆಸುಗೆ ಹಾಕಿಸಿದ್ದಾಗಿದೆ. ಒಳಗೆ ನೀರು ಕಡಿಮೆಯಿದ್ದಾಗ ಯಾರಾದರೂ ಉರಿ ಹಾಕಿದರೆ ಆ ಬೆಸುಗೆ ಕರಗಿಬಿಡುತ್ತದೆ. ಮೂರನೆಯ ಸಲ ತೇಪೆ ಹಾಕಿಸುವುದು ದುಡ್ಡನ್ನು ಒಲೆಗೆ ಹಾಕಿದಂತೆಯೇ ಸರಿ.

ಹೊಸ ತಾಮ್ರದ ಬಾಯ್ಲರಿಗೆ ಅಂಗಡಿಯವರು ಹೇಳಿದ ಬೆಲೆ ಇಪ್ಪತ್ತು ಸಾವಿರದ ಹತ್ತಿರ. ಆ ಮನೆಯಿಂದ ಬರುವ ಬಾಡಿಗೆ ತಿಂಗಳಿಗೆ 6,500 ರೂಪಾಯಿ; ಮೂರು ತಿಂಗಳ ಬಾಡಿಗೆ ಒಂದೇ ಪಾತ್ರೆಗೆ ಹೋಗುವುದು ನನಗೆ ಕಷ್ಟ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ತೋಟವಿರುವವರಿಗೆ ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆ ಎಲ್ಲವೂ ಬಿಟ್ಟಿ ಉರುವಲು. ತೋಟವಿಲ್ಲದ ಈ ಸಂಸಾರ ಮಳೆಗಾಲದಲ್ಲಿ ಒದ್ದೆ ಸೌದೆಯನ್ನು ದುಡ್ಡು ಕೊಟ್ಟು ತರುತ್ತದೆ. ಗಂಡ ಹೆಂಡತಿ ಇಬ್ಬರೂ ಎಂಟೂವರೆಗೆ ಕೆಲಸಕ್ಕೆ ಹೊರಡಬೇಕು. ಅದಕ್ಕಾಗಿ ಆಕೆ ಐದು ಗಂಟೆಗೆದ್ದು, ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಒಲೆ ಊದುವುದನ್ನು ನಾನು ಎರಡು ವರ್ಷಗಳಿಂದ ನೋಡಿದ್ದೇನೆ. ಕೊಳ್ಳುವ ಖರ್ಚು ನನ್ನದು, ದಿನದಿನದ ಖರ್ಚೂ ದುಡಿಮೆಯೂ ಅವರದ್ದು. ನನಗೆ ಅಗ್ಗವಾದದ್ದು ಅವರಿಗೆ ದುಬಾರಿಯಾಗಬಾರದೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡೆ.

ಬೆಂಗಳೂರಿನಲ್ಲಿರುವ ಮಗ ಸೋಲಾರ್ ಹಾಕಿಸಲು ಹೇಳಿದ. ಮಂಗಳೂರು ಹಂಚಿನ ಮಾಡು, ಅದರ ಮೇಲೆ ಹಲಸಿನ ಮರದ ನೆರಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ಬಿಸಿನೀರು ಹೆಚ್ಚು ಬೇಕಾಗುವ ತಿಂಗಳುಗಳಲ್ಲೇ ಕೈಕೊಡುವ ವ್ಯವಸ್ಥೆ ಈ ಮನೆಗೆ ಹೊಂದದು.

ಗ್ಯಾಸ್ ಗೀಸರ್ ಆರು ಸಾವಿರದೊಳಗೆ ಸಿಗುತ್ತದೆ, ನೀರೂ ಬೇಗ ಕಾಯುತ್ತದೆ. ಆದರೆ ಆ ಬಚ್ಚಲಿಗೆ ಇರುವುದು ಒಂದೇ ಚಿಕ್ಕ ಕಿಟಕಿ, ಎರಚಲು ಹೊಡೆಯುತ್ತದೆಂದು ಮಳೆಗಾಲದಲ್ಲಿ ಅದನ್ನೂ ಮುಚ್ಚಿರುತ್ತಾರೆ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕುಸಿದು ಪ್ರಾಣಬಿಟ್ಟ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಹೊರಗೋಡೆಗೆ ಕೂರಿಸಬಹುದೆಂದು ಅಂಗಡಿಯವರು ಹೇಳಿದರು. ನಾಳೆ ಬೇರೊಬ್ಬ ಬಾಡಿಗೆದಾರರು ಬಂದು, ಮಳೆಯಲ್ಲಿ ನೆನೆಯುತ್ತದೆಂದು ಅದನ್ನು ಒಳಗೆ ತಂದುಕೊಂಡರೆ ತಡೆಯುವವರಾರು? ಮಗುವೂ ಅಜ್ಜಿಯೂ ಇರುವ ಮನೆಗೆ ಅದು ಬೇಡವೆಂದು ಅಲ್ಲಿಗೇ ಬಿಟ್ಟೆ.

ಉಳಿದದ್ದು ವಿದ್ಯುತ್ ಗೀಸರ್. ಇದರಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದ್ದು 3 ಲೀಟರಿನ ಇನ್‌ಸ್ಟಂಟ್ ಗೀಸರ್. ಅದು 3 ಕಿಲೋವ್ಯಾಟ್ ಎಳೆಯುತ್ತದೆ. ನಮ್ಮಲ್ಲಿ ಬೆಳಗಿನ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯುವುದುಂಟು. 230 ವೋಲ್ಟಿಗೆ ಮಾಡಿದ ಕಾಯಿಲ್ ಆಗ ತನ್ನ ಶಕ್ತಿಯ ಶೇ 60ರಷ್ಟನ್ನು ಮಾತ್ರ ಕೊಡುವುದರಿಂದ, ಹರಿಯುತ್ತಲೇ ಕಾಯಬೇಕಾದ ನೀರು ಉಗುರುಬೆಚ್ಚಗೆ ಬರುತ್ತದೆ. ನೀರು ಹಿಡಿದಿಟ್ಟು ಕಾಯಿಸುವ ಗೀಸರಿನಲ್ಲಿ ತಡವಾದೀತೇ ಹೊರತು ನೀರು ಕಾಯದೆ ಉಳಿಯದು. 15 ಲೀಟರಿನದ್ದನ್ನು 60 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿದರೆ ಒಂದೂವರೆ ಬಕೆಟ್ ಆಗುವುದೂ ಕಷ್ಟ. 25 ಲೀಟರಿನದ್ದರಲ್ಲಿ ಎರಡು ಬಕೆಟಿಗೂ ಮಿಗುತ್ತದೆ. ನಾಲ್ಕು ಜನ ಎರಡು ಸರದಿಯಲ್ಲಿ ಸ್ನಾನ ಮುಗಿಸಬಹುದು. ಐದು ನಕ್ಷತ್ರದ, ಒಳಗೆ ಗಾಜಿನ ಲೇಪವಿರುವ, 2 ಕಿಲೋವ್ಯಾಟಿನ 25 ಲೀಟರ್ ಗೀಸರಿಗೆ 8,900 ರೂಪಾಯಿ ಎಂದು ಮಾತಾಗಿದೆ.

ಬಿಲ್ಲಿನ ಲೆಕ್ಕವನ್ನು ನಿನ್ನೆ ಸಂಜೆ ಆ ದಂಪತಿಯ ಜೊತೆ ಕೂತು ಮಾಡಿದೆ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ 2022–23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ ಆ ಮೀಟರಿಗೆ 68 ಯೂನಿಟ್ ಉಚಿತವಿದೆ. ಅವರು ಈಗ ಸುಮಾರು 60 ಬಳಸುತ್ತಾರೆ. ಒಂದು ಬಕೆಟ್ ಸ್ನಾನದ ನೀರು ಕಾಯಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ನಾಲ್ವರಿಗೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ 60. ಒಟ್ಟು 120 ಎಂದರೂ ಇಡೀ ಬಿಲ್ ಕಟ್ಟಬೇಕಾದ 200ರ ಗಡಿ ದೂರವಿದೆ. ಉಚಿತದ ಮೇಲಿನ ಐವತ್ತು ಚಿಲ್ಲರೆ ಯೂನಿಟ್‌ಗೆ, ಯೂನಿಟ್‌ಗೆ ಸುಮಾರು ಆರು ರೂಪಾಯಿಯಂತೆ, ಮುನ್ನೂರು ಚಿಲ್ಲರೆ ಬರುತ್ತದೆ. ಮಳೆಗಾಲದಲ್ಲಿ ಸೌದೆಗೆ ಕೊಡುವುದಕ್ಕಿಂತ ಇದು ಕಡಿಮೆಯೇ ಎಂದು ಆಕೆಯೇ ಹೇಳಿದರು. ಆದರೂ ಈ ವರ್ಷ ಬಾಡಿಗೆ ಏರಿಸುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ವೈರಿಂಗಿನಲ್ಲಿ ಮಾತ್ರ ಕೈ ಬಿಗಿಹಿಡಿಯುವುದಿಲ್ಲ. ಆ ಮನೆಯದ್ದು ಹಳೆಯ ವೈರು, ಅರ್ಥಿಂಗ್ ಇದ್ದೂ ಇಲ್ಲದಂತಿದೆ. ಮೀಟರ್ ಬೋರ್ಡಿನಿಂದ ಗೀಸರಿಗೆಂದೇ ಬೇರೆ ಲೈನು, 16 ಆಂಪಿಯರ್ ಸಾಕೆಟ್, ಹೊಸ ಅರ್ಥಿಂಗ್ ಗುಂಡಿ, 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ, ಎಲ್ಲಕ್ಕೂ 4,600 ರೂಪಾಯಿ. ಲೋಡ್ ಹೆಚ್ಚಿಸಲು ಮೆಸ್ಕಾಂಗೆ ಅರ್ಜಿಯನ್ನೂ ಕೊಡಬೇಕು. ಗೋಡೆ ಜಂಬಿಟ್ಟಿಗೆಯದ್ದು, ನೀರು ತುಂಬಿದ ಗೀಸರಿನ ಭಾರಕ್ಕೆ ಗಿಲಾವಿನಲ್ಲಿ ಕೂರಿಸಿದ ಮೊಳೆ ನಿಲ್ಲದು, ಬೋಲ್ಟನ್ನು ಗೋಡೆಯ ಆಚೆಗೆ ದಾಟಿಸಿ ಬಿಗಿಯಲು ಎಲೆಕ್ಟ್ರಿಷಿಯನ್ ಒಪ್ಪಿದ್ದಾರೆ. ಹಳೆಯ ಬಾಯ್ಲರಿನ ತಾಮ್ರ ಮಾರಿದರೆ ಈ ವೈರಿಂಗಿನ ಖರ್ಚು ಅದರಲ್ಲೇ ಹೋಗುತ್ತದೆ.

ಇನ್ನು ಕರೆಂಟ್ ಹೋದರೆ? ಮರ ಬಿದ್ದು ಲೈನು ಹರಿದರೆ ಇಲ್ಲಿ ಒಂದು ಹಗಲು, ಒಂದು ರಾತ್ರಿ ಹೋಗುವುದು ಹೊಸತಲ್ಲ. ಅದಕ್ಕಾಗಿ ಬಚ್ಚಲ ಒಲೆಯನ್ನು ಕೀಳಿಸುತ್ತಿಲ್ಲ. ನಮ್ಮ ಅಟ್ಟದ ಮೇಲೆ ಅಮ್ಮನ ಕಾಲದ ತಾಮ್ರದ ಹಂಡೆ ಸುಮ್ಮನೆ ಕೂತಿತ್ತು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬಕ್ಕೆ ಅದನ್ನೇ ಹುಣಸೆಹಣ್ಣು ಹಚ್ಚಿ ತಿಕ್ಕಿ ಪೂಜಿಸುತ್ತಿದ್ದೆವು. ಮಧ್ಯಾಹ್ನ ಅದನ್ನು ಇಳಿಸಿ ನೀರು ತುಂಬಿಸಿ ನೋಡಿದೆ, ಒಂದು ಹನಿಯೂ ಸೋರಲಿಲ್ಲ. ಗೀಸರ್ ಬರುವವರೆಗೆ ಅವರ ಸ್ನಾನಕ್ಕೂ ಅದೇ ಆಯಿತು.

ಎಲೆಕ್ಟ್ರಿಷಿಯನ್ ಮಂಗಳವಾರ ಬರುತ್ತಾರೆ. ಹಂಡೆ ಕೊಟ್ಟು ಹೊರಟಾಗ ಅಜ್ಜಿ ನನ್ನನ್ನು ತಡೆದು, "ಸ್ವಿಚ್ಚು ಬಚ್ಚಲಿನ ಹೊರಗೇ ಇರ್ಲಿ ಮೇಷ್ಟ್ರೇ, ಒದ್ದೆ ಕೈಲಿ ಮುಟ್ಟೋ ಹಾಗೆ ಬೇಡ. ನನ್ನ ಕೈಗೆ ಎಟುಕಬೇಕು, ಮಗೂಗೆ ಎಟುಕಬಾರದು" ಎಂದರು. ಅವರನ್ನೇ ಬಾಗಿಲ ಬಳಿ ನಿಲ್ಲಿಸಿ, ಕೈಯೆತ್ತಿಸಿ, ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂದಿದ್ದೇನೆ.